ಮೋಡದ ಹಿಂದಿನ ಕಾಗೆ

ನಮ್ಮ ಊರಿನ ಯಾವ ಅಂಗಡಿಯ ಬೋರ್ಡನ್ನು ಬೇಕಾದರೂ ನೋಡಿ. ಬಲಗಡೆ ಕೆಳಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಕಾಗೆ ಇರುತ್ತದೆ, ಕೊಕ್ಕು ತೆರೆದುಕೊಂಡು. ಅದು ನಾನು. ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಬರೆದವನ ಹೆಸರು ಹಾಕುವುದು ನಮ್ಮ ಕಸುಬಿನ ಪದ್ಧತಿ. ನಾನು ಹೆಸರಿನ ಬದಲು ಕಾಗೆ ಹಾಕುತ್ತೇನೆ. ಜನ ಕರೆಯುವುದೂ ಹಾಗೆಯೇ. ಯಾಕೆ ಅಂತ ಯಾರಾದರೂ ಕೇಳಿದರೆ, ಮೂರು ಅಂತಸ್ತಿನ ಗೋಡೆಯ ಮೇಲೆ ಕಾಗೆಯ ಹಾಗೆ ಕೂತು ಬರೆಯುತ್ತೇನಲ್ಲ, ಅದಕ್ಕೆ ಅಂತ ಹೇಳುತ್ತಿದ್ದೆ. ಎಲ್ಲರೂ ನಂಬಿದ್ದರು. ನಮ್ಮ ಮೇಸ್ತ್ರಿಯೂ ನಂಬಿದ್ದ.

ನಿಜ ಗೊತ್ತಿದ್ದದ್ದು ಇಬ್ಬರಿಗೆ. ನನಗೆ, ನಮ್ಮಕ್ಕನಿಗೆ.

ನಾನು ಎರಡನೇ ತರಗತಿಯಲ್ಲಿದ್ದೆ, ಅಕ್ಕ ನಾಲ್ಕರಲ್ಲಿ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಲೆಕ್ಕದ ಪುಸ್ತಕದಲ್ಲಿ ಒಂದು ಚಿತ್ರ. ತಂತಿಯ ಮೇಲೆ ಎಂಟು ಕಾಗೆಗಳು ಕುಳಿತಿದ್ದವು, ಮೂರು ಹಾರಿಹೋದವು, ಈಗ ಎಷ್ಟು ಉಳಿದವು ಅಂತ ಕೆಳಗೆ ಬರೆದಿತ್ತು. ನಾನು ಚಿತ್ರದಲ್ಲಿದ್ದ ಕಾಗೆಗಳನ್ನು ಬೆರಳಿಟ್ಟು ಎಣಿಸಿದೆ. ತಂತಿಯ ಮೇಲೆ ಐದು, ಪುಟದ ಅಂಚಿನಲ್ಲಿ ರೆಕ್ಕೆ ಬಿಚ್ಚಿಕೊಂಡು ಮೂರು. ಎಂಟು ಅಂದೆ. ಹಾರಿಹೋದವು ಎಲ್ಲಿ ಅಂತ ಮೇಷ್ಟ್ರು ಕೇಳಿದರು. ಇಲ್ಲೇ ಇವೆಯಲ್ಲ ಮೇಷ್ಟ್ರೇ ಅಂತ ಬೆರಳಿಟ್ಟು ತೋರಿಸಿದೆ. ನೀವೇ ಹೇಳಿ, ಅವು ಅಲ್ಲೇ ಇದ್ದವು. ಹಾರಿಹೋಯಿತು ಅಂತ ಬರೆದು, ಹಾರಿಹೋದದ್ದನ್ನು ಕಣ್ಣ ಮುಂದೆಯೇ ಇಟ್ಟಿದ್ದರೆ ಆರು ವರ್ಷದವನು ಏನು ಮಾಡಬೇಕು?

ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಎಂಟು ಸಲ ಕಾ ಕಾ ಅನ್ನಿಸಿದರು. ಆಮೇಲೆ ನಾಲ್ಕನೇ ತರಗತಿಯ ಸಾಲಿನಿಂದ ನಮ್ಮಕ್ಕನನ್ನೇ ಎಬ್ಬಿಸಿ ಉತ್ತರ ಕೇಳಿದರು. ಅವಳು ಐದು ಅಂದಳು. ಜಾಣೆ ಅನ್ನಿಸಿಕೊಂಡಳು. ಸಂಜೆ ಮನೆಗೆ ಬರುವಾಗ ನನ್ನ ಮೂಗನ್ನು ತನ್ನ ಲಂಗದ ತುದಿಯಿಂದ ಒರೆಸಿ, ಇದನ್ನ ಅಮ್ಮನಿಗೂ ಹೇಳಲ್ಲ, ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಳು. ಕಾಗೆ ಅನ್ನುವ ಹೆಸರು ಮಾತ್ರ ಅಂಟಿಕೊಂಡಿತು. ನಾಲ್ಕನೇ ತರಗತಿಯವರೆಗೆ ತಡೆದುಕೊಂಡೆ. ಒಂದು ದಿನ ಚೀಲವನ್ನು ಶಾಲೆಯ ಬಾವಿಗೆ ಎಸೆದು ಬಂದೆ. ಅಕ್ಷರವನ್ನು ನನಗೆ ಶಾಲೆ ಕಲಿಸಲಿಲ್ಲ, ಬೋರ್ಡು ಕಲಿಸಿತು. ಜೊತೆಯಲ್ಲಿ ಓದಿದವರು ಚದುರಿಹೋದರು, ಮೇಷ್ಟ್ರೂ ತೀರಿಹೋದರು. ಹೆಸರು ಉಳಿಯಿತು, ಕಾರಣ ಮರೆತುಹೋಯಿತು. ಆಗ ನಾನೇ ಅದನ್ನು ಎತ್ತಿ ಬೋರ್ಡಿನ ಮೂಲೆಯಲ್ಲಿ ಕೂರಿಸಿದೆ.

ಅಕ್ಕ ಓದಿದಳು. ಈಗ ಅವಳೂ ಟೀಚರು, ಒಂದನೇ ತರಗತಿಗೆ. ಇನ್ನೂ ಖಾಯಂ ಆಗಿರಲಿಲ್ಲ. ವರ್ಷ ವರ್ಷವೂ ಇವತ್ತು ತೆಗೀತಾರೋ ನಾಳೆ ತೆಗೀತಾರೋ ಅಂತ ಉಸಿರು ಹಿಡಿದುಕೊಂಡಿರುವ ಕೆಲಸ. ಹೋದ ವರ್ಷ ಶಾಲೆ ಶುರುವಾದ ತಿಂಗಳಲ್ಲಿ ನಾನು ಬೋರ್ಡು ಬರೆಯುವ ಅಂಗಡಿಗೆ ಬಂದು ಬಣ್ಣದ ಡಬ್ಬದ ಮೇಲೆ ಕೂತಳು. ಮಕ್ಕಳು ಕೂಡಿಸುವುದನ್ನು ಹೇಗೋ ಮಾಡುತ್ತವೆ, ಕಳೆಯುವುದು ಅಂದರೆ ಕಲ್ಲಾಗುತ್ತವೆ ಅಂದಳು. ದೊಡ್ಡದಾಗಿ ನಾಲ್ಕು ಚಿತ್ರ ಬರೆದುಕೊಡು ಅಂದಳು. ಯಾವ ಚಿತ್ರ ಅಂದರೆ, ಅದೇ ಪುಸ್ತಕದಲ್ಲಿರೋದು ಅಂತ ನನ್ನ ಮುಖ ನೋಡದೆ ಹೇಳಿದಳು. ಇಪ್ಪತ್ತು ವರ್ಷ ಹತ್ತಿರ ಬಂದರೂ ಅದೇ ತಂತಿ, ಅದೇ ಕಾಗೆ.

ಬರೆದೆ. ಒಣಗಲಿ ಅಂತ ಅಂಗಡಿಯ ಬಾಗಿಲಿಗೆ ಒರಗಿಸಿಟ್ಟಿದ್ದೆ. ಪಕ್ಕದ ಟೈಲರನ ಮಗಳು ಬಂದು ನಿಂತಳು. ಮುಂದಿನ ಎರಡು ಹಲ್ಲು ಬಿದ್ದಿದ್ದ, ಬಾಯಿಗಿಂತ ಕಣ್ಣಲ್ಲೇ ಜಾಸ್ತಿ ಮಾತಾಡುವ ಹುಡುಗಿ, ಅಕ್ಕನ ತರಗತಿಯಲ್ಲೇ ಇದ್ದಳು. ಮೂರು ಹಾರಿಹೋದವು, ಈಗ ಎಷ್ಟು ಅಂತ ಕೇಳಿದೆ. ಅವಳು ಬೆರಳಿಟ್ಟು ಎಣಿಸಿ ಎಂಟು ಅಂದಳು. ಹಾರಿಹೋದವು ಎಲ್ಲಿ ಅಂದೆ. ಇಲ್ಲೇ, ಅಂತ ಮೂರನ್ನೂ ಮುಟ್ಟಿ ತೋರಿಸಿ, ನಾನೇ ಕುರುಡನೇನೋ ಅನ್ನುವ ಹಾಗೆ ನನ್ನನ್ನು ನೋಡಿದಳು.

ಬ್ರಷ್ಷು ಕೆಳಗಿಟ್ಟು ನಾನೂ ಬೆರಳಿಟ್ಟು ಎಣಿಸಿದೆ, ಎಂಟೇ. ಅಂದರೆ ದಡ್ಡ ನಾನೊಬ್ಬನೇ ಅಲ್ಲ. ದಡ್ಡತನ ಚಿತ್ರದ್ದು.

ನಮ್ಮಲ್ಲಿ ಅಂಗಡಿಯವರು ಬಾಗಿಲು ತೆರೆದಾಗ ಮುಚ್ಚಿದಾಗ ತೂಗುಹಾಕಲು ಒಂದು ಬೋರ್ಡು ಮಾಡಿಸುತ್ತಾರೆ. ಬಟ್ಟೆಯ ಪಟ್ಟಿ ಅಂಟಿಸಿದ ಒಂದು ಮುಚ್ಚಳ ಇರುತ್ತದೆ. ಮೇಲೆತ್ತಿದರೆ ಒಂದು ಮಾತು, ಇಳಿಬಿಟ್ಟರೆ ಇನ್ನೊಂದು. ಅದನ್ನೇ ಮಾಡಿದೆ. ದಪ್ಪ ರಟ್ಟಿನಲ್ಲಿ ಎಂಟು ಕಾಗೆ ಕತ್ತರಿಸಿ, ಬೆನ್ನಿಗೆ ಕೊಕ್ಕೆ ಅಂಟಿಸಿ, ಒಂದು ದೊಡ್ಡ ರಟ್ಟಿನ ಕಾರ್ಡಿನ ಮೇಲೆ ನಿಜವಾದ ತಂತಿ ಬಿಗಿದು ನೇತುಹಾಕಿದೆ. ಬಲಗಡೆ ಒಂದು ದೊಡ್ಡ ಮೋಡ. ಆ ಮೋಡ ಮುಚ್ಚಳ. ಅದರ ಹಿಂದೆಯೂ ಒಂದು ತಂತಿ. ಮೂರು ಕಾಗೆಯನ್ನು ಮಗು ತನ್ನ ಕೈಯಾರೆ ಹಾರಿಸಿಕೊಂಡು ಹೋಗಿ ಹಿಂದೆ ಕೂರಿಸಿ ಮೋಡ ಮುಚ್ಚುತ್ತದೆ. ಈಗ ಎಷ್ಟು? ಐದು. ಮೂರು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ, ಮೋಡ ತೆಗೆದು ನೋಡು. ಐದು, ಮೂರು, ಸೇರಿದರೆ ಮತ್ತೆ ಎಂಟು. ಕಳೆಯುವುದೂ ಅದೇ ಕಾರ್ಡು, ಕೂಡಿಸುವುದೂ ಅದೇ ಕಾರ್ಡು. ಟೈಲರನ ಮಗಳು ಅವತ್ತು ಮಧ್ಯಾಹ್ನವೆಲ್ಲ ಕಾಗೆ ಹಾರಿಸಿದಳು. ಊಟಕ್ಕೆ ಅವಳಪ್ಪ ಎಳೆದುಕೊಂಡು ಹೋಗಬೇಕಾಯಿತು.

ಹೀಗೆ ಹದಿನಾಲ್ಕು ಕಾರ್ಡು ಮಾಡಿದೆ. ಬಸ್ಸಿನಿಂದ ಇಳಿದು ಮನೆಯ ಬಾಗಿಲ ಹಿಂದೆ ಹೋಗುವ ಜನ, ಬುಟ್ಟಿಯ ಕೆಳಗೆ ಸೇರುವ ಕೋಳಿಮರಿ, ಎಲೆಯಡಿ ನುಸುಳುವ ಮೀನು. ಮೊದಲನೆಯದನ್ನು ಕೊಡುವಾಗ ಮೂಲೆಯಲ್ಲಿ ನನ್ನ ಗುರುತು ಹಾಕಲು ಬ್ರಷ್ಷು ಎತ್ತಿದೆ. ಅಕ್ಕ ಕೈ ಹಿಡಿದಳು. ಬೇಡ ಕಣೋ, ಮಕ್ಕಳು ಅದನ್ನೂ ಸೇರಿಸಿ ಎಣಿಸಿಬಿಡ್ತಾವೆ, ಎಂಟು ಒಂಬತ್ತಾಗುತ್ತೆ ಅಂದಳು. ಸರಿಯಾದ ಮಾತು ಅನ್ನಿಸಿತು. ಹದಿನಾಲ್ಕರಲ್ಲಿ ಒಂದರ ಮೇಲೂ ಗುರುತು ಹಾಕಲಿಲ್ಲ. ಕಾಗೆಯ ಕಾರ್ಡಿಗೆ ಸರಿ, ಬಸ್ಸಿನ ಕಾರ್ಡಿಗೆ ಹಾಕಿದರೆ ಏನಾಗುತ್ತಿತ್ತು ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ಒಡಹುಟ್ಟಿದವಳ ಮಾತನ್ನು ಯಾರು ತಿರುಗಿಸಿ ನೋಡುತ್ತಾರೆ?

ಅಕ್ಕನ ತರಗತಿಯ ಮಕ್ಕಳು ಮೂರು ತಿಂಗಳಲ್ಲಿ ಕಳೆಯುವ ಲೆಕ್ಕವನ್ನು ಗೋಲಿಯಾಡಿದ ಹಾಗೆ ಆಡತೊಡಗಿದವು. ಸುದ್ದಿ ಮೇಲಕ್ಕೆ ಹೋಯಿತು. ಟೀಚರುಗಳ ದೊಡ್ಡ ಸಭೆಯಲ್ಲಿ ಬಂದು ತೋರಿಸಿ ಅಂತ ಅವಳಿಗೆ ಕರೆ ಬಂತು. ಕಾರ್ಡು ಭಾರ, ಹೊತ್ತುಕೊಂಡು ಬಾರೋ ಅಂದಳು. ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ, ಅದನ್ನೂ ಹೇಳಿಬಿಡುತ್ತೇನೆ. ಎಲ್ಲೋ ಒಂದು ಮಾತು, ಇವನು ನನ್ನ ತಮ್ಮ, ಇವೆಲ್ಲ ಇವನ ಕೈಕೆಲಸ, ಅಂತ ಅಂದಾಳು ಅಂತ ಉಗುರಿನ ಬಣ್ಣವನ್ನು ಸೀಮೆಎಣ್ಣೆ ಹಾಕಿ ತಿಕ್ಕಿದ್ದೆ.

ದೊಡ್ಡ ಹಾಲ್. ಇನ್ನೂರು ಕುರ್ಚಿ. ನನ್ನನ್ನು ವೇದಿಕೆಯ ಪಕ್ಕದ ಬಾಗಿಲ ಹತ್ತಿರ ನಿಲ್ಲಿಸಿದರು, ಕಾರ್ಡು ಎತ್ತಿಕೊಡಲು. ಎದುರಿಗೆ ಕೂತಿದ್ದ ಶಿಕ್ಷಣ ಇಲಾಖೆಯ ಸಾಹೇಬರು ನನ್ನನ್ನು ಜವಾನ ಅಂದುಕೊಂಡು ಫ್ಯಾನು ಜೋರು ಮಾಡು ಅಂದರು. ಮಾಡಿದೆ. ಬಾಗಿಲಿಗೆ ಒಂದು ಸುತ್ತೋಲೆ ಅಂಟಿಸಿದ್ದರು. ನನಗೆ ಗೋಡೆಯ ಮೇಲಿರುವ ಅಕ್ಷರ ಕಂಡರೆ ಓದದೆ ಇರಲಾಗದು. ಪಾಠದ ಸಾಮಗ್ರಿಗಳನ್ನು ಶಿಕ್ಷಕರು ಸ್ವಂತ ಕೈಯಿಂದ ತಯಾರಿಸಿರಬೇಕು, ಅಂಥವರನ್ನು ಮಾತ್ರ ಖಾಯಂಗೆ ಪರಿಗಣಿಸಲಾಗುವುದು. ಎರಡು ಸಲ ಓದಿದೆ. ತಾರೀಖು ನೋಡಿದೆ. ಅಕ್ಕ ನನ್ನ ಅಂಗಡಿಗೆ ಬಂದು ಡಬ್ಬದ ಮೇಲೆ ಕೂತದ್ದಕ್ಕಿಂತ ಹತ್ತು ದಿನ ಹಿಂದಿನದು.

ಓದಿ ಮುಗಿಸುವ ಹೊತ್ತಿಗೆ ಅವಳು ಮಾತು ಶುರು ಮಾಡಿದ್ದಳು. ಚೆನ್ನಾಗಿ ಮಾತಾಡುತ್ತಾಳೆ, ಅದನ್ನು ಇಲ್ಲ ಅನ್ನಲಾರೆ. ಕಾಗೆಯ ಕಾರ್ಡನ್ನು ಎದೆಗೆ ಅವಚಿಕೊಂಡು, ಇದು ಹೊಳೆದದ್ದು ಹೇಗೆ ಅಂತ ಹೇಳ್ತೀನಿ ಅಂದಳು. ಆಮೇಲೆ ಹೇಳಿಯೇಬಿಟ್ಟಳು.

"ನನ್ನ ಜೊತೆ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಎಂಟರಲ್ಲಿ ಮೂರು ಹೋದರೆ ಎಷ್ಟೋ ಅಂದರೆ ಎಂಟು ಅಂತಿದ್ದ. ಹಾರಿಹೋದವು ಎಲ್ಲೋ ಅಂದರೆ ಇಲ್ಲೇ ಇವೆ ಮೇಷ್ಟ್ರೇ ಅಂತಿದ್ದ. ಬೆಂಚ್ ಮೇಲೆ ನಿಲ್ಲಿಸಿ ಕಾ ಕಾ ಅನ್ನಿಸಿದರು. ಅವತ್ತಿಂದ ಅವನ ಹೆಸರೇ ಕಾಗೆ."

ಇಡೀ ಹಾಲ್ ನಕ್ಕಿತು. ಇನ್ನೂರು ಜನ ಒಟ್ಟಿಗೆ ನಕ್ಕರೆ ಫ್ಯಾನಿನ ಸದ್ದು ಕೇಳಿಸುವುದಿಲ್ಲ. ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಮ್ಮೂರಿನ ಇಬ್ಬರು ಟೀಚರುಗಳು ತಿರುಗಿ ನೇರವಾಗಿ ನನ್ನನ್ನೇ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ನಗು ಅಡಗುವವರೆಗೆ ಕಾದು ಅಕ್ಕ ದನಿ ಇಳಿಸಿದಳು.

"ಪಾಪ, ಲೆಕ್ಕ ಹತ್ತದೆ ಶಾಲೆ ಬಿಟ್ಟ. ಅವನ ಕೈ ಯಾವ ಕೆಲಸಕ್ಕೂ ಬಾರದ ಹಾಗಾಯ್ತು. ನಮ್ಮ ಮಕ್ಕಳು ಹಾಗಾಗಬಾರದು ಅಂತ ರಾತ್ರಿ ಹಗಲು ಕೂತು ಈ ಕಾರ್ಡು ಮಾಡಿದೆ."

ಮಾಡಿದೆ ಅಂದಳು. ಯಾವ ಕೆಲಸಕ್ಕೂ ಬಾರದ ಕೈ ಬರೆದ ಕಾರ್ಡನ್ನು ಎತ್ತಿ ಹಿಡಿದುಕೊಂಡೇ ಅಂದಳು. ಆಮೇಲೆ ಮುಂದಿನ ಕಾರ್ಡಿಗೆ ಅಂತ ನನ್ನ ಕಡೆಗೆ ಕೈ ಚಾಚಿದಳು. ನಾನು ಕೊಟ್ಟೆ. ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುವುದು ಅದಕ್ಕೇ. ಹದಿನಾಲ್ಕನ್ನೂ ಒಂದೊಂದಾಗಿ ಎತ್ತಿ ಎತ್ತಿ ಕೊಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಕಾರ್ಡಿನ ಗಂಟನ್ನು ನಡುವೆ ಇಟ್ಟುಕೊಂಡು ಕೂತೆವು. ಅವಳೇ ಮೊದಲು ಮಾತಾಡಿದಳು.

"ನಿನ್ನ ಹೆಸರು ಹೇಳಲಿಲ್ಲವಲ್ಲೋ."

"ಕಾಗೆ ಅಂದೆಯಲ್ಲ. ಊರಲ್ಲಿ ಎಷ್ಟು ಜನ ಕಾಗೆ ಇದ್ದಾರೆ?"

"ಕಥೆ ಹೇಳಿದರೆ ಜನ ಕಿವಿ ಕೊಡ್ತಾರೆ ಕಣೋ. ಬರೀ ಲೆಕ್ಕ ಯಾರಿಗೆ ಬೇಕು?"

"ಕೈ ಯಾವ ಕೆಲಸಕ್ಕೂ ಬಾರದು ಅಂದೆ."

ಅವಳು ಬಸ್ಸು ಬರುವ ದಾರಿ ನೋಡಿದಳು. ಸುತ್ತೋಲೆ ಓದಿದೆ ಅಂದೆ. ಮುಖ ಬಿಳಿಚಿಕೊಂಡಿತು. ಅತ್ತಳು. ಭಾವ ಕೆಲಸ ಬಿಟ್ಟು ಮನೆಯಲ್ಲಿ ಕೂತು ಎರಡು ವರ್ಷವಾಯಿತು, ಇದೂ ಹೋದರೆ ನಾನೆಲ್ಲಿಗೆ ಹೋಗಲಿ ಅಂದಳು. ಸಾಹೇಬರು ಇನ್ನು ಹದಿನೈದು ದಿನಕ್ಕೆ ಶಾಲೆಗೇ ಬಂದು ನೋಡುತ್ತಾರಂತೆ, ಅದೊಂದು ಮುಗಿಯಲಿ ಅಂದಳು. ಕೈ ಹಿಡಿದುಕೊಂಡು ಮತ್ತೊಂದು ಮಾತು ಕೊಟ್ಟಳು. "ಯಾರಾದರೂ ಎದುರಿಗೆ ಕೇಳಿದರೆ ಸುಳ್ಳು ಹೇಳಲ್ಲ ಕಣೋ. ನನ್ನ ತಮ್ಮ ಮಾಡಿದ್ದು ಅಂತಲೇ ಹೇಳ್ತೀನಿ."

ಮೊದಲ ಮಾತು ಲಂಗದ ತುದಿಯಲ್ಲಿ ಕೊಟ್ಟದ್ದು, ಹದಿನೆಂಟು ವರ್ಷ ಬಾಳಿತು. ಇದು ಎಷ್ಟು ದಿನ ಬಾಳುತ್ತದೆ ಅಂತ ನೋಡೋಣ ಅಂದುಕೊಂಡೆ.

ಸಭೆಯಲ್ಲಿದ್ದ ಇಬ್ಬರು ಟೀಚರುಗಳು ಸಾಕಾಯಿತು. ವಾರದೊಳಗೆ ಊರಿಗೆಲ್ಲ ಕಾರಣ ಗೊತ್ತಾಗಿತ್ತು. ಕಟಿಂಗ್ ಅಂಗಡಿಯವನು ಕತ್ತರಿ ಆಡಿಸುತ್ತಾ, ಎಂಟು ಕೂದಲಲ್ಲಿ ಮೂರು ತೆಗೆದಿದ್ದೀನಿ, ಎಷ್ಟು ಉಳೀತು ಹೇಳು ಮಾರಾಯ ಅಂದ. ಮೇಸ್ತ್ರಿ ಬಣ್ಣದ ಡಬ್ಬ ಲೆಕ್ಕ ಹಾಕುವಾಗ ನನ್ನನ್ನು ಕರೆಯದೆ ತಾನೇ ಎಣಿಸತೊಡಗಿದ. ಅದು ತಮಾಷೆಯೂ ಅಲ್ಲ. ತಮಾಷೆಯಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅಮ್ಮನ ಹತ್ತಿರ ಹೇಳಿದರೆ, ಒಡಹುಟ್ಟಿದವಳು ತಾನೇ, ಹೊಟ್ಟೆಗೆ ಹಾಕಿಕೋ ಅಂದಳು. ನನ್ನ ಹೊಟ್ಟೆಯೇನು ಕಸದ ಬುಟ್ಟಿಯೇ? ಏಣಿ ಹತ್ತುವ ಕಸುಬಿನವನು ನಾನು, ಆದರೆ ಹತ್ತಿದ ಮೇಲೆ ಏಣಿ ಒದೆಯುವುದನ್ನು ಮನೆಯವರಿಂದಲೇ ಕಲಿಯಬೇಕಾಯಿತು.

ಸಾಹೇಬರು ಬರುವುದಕ್ಕೆ ಎರಡು ದಿನ ಇರುವಾಗ ಅಕ್ಕ ಹದಿನಾಲ್ಕು ಕಾರ್ಡನ್ನೂ ವಾಪಸು ಕಳಿಸಿದಳು. ಅಂಚು ಸವೆದಿದೆ, ಬಣ್ಣ ಹಚ್ಚಿಕೊಡು ಅಂತ. ಹಚ್ಚಿದೆ. ಆಮೇಲೆ ಒಂದೊಂದರ ಮುಚ್ಚಳವನ್ನೂ ಎತ್ತಿ, ಒಳಗೆ, ಬಲಗಡೆ ಕೆಳಮೂಲೆಯಲ್ಲಿ, ನನ್ನ ಕಾಗೆ ಕೂರಿಸಿದೆ. ಈ ಊರಿನಲ್ಲಿ ಅದನ್ನು ಗುರುತಿಸದವರಿಲ್ಲ. ಸಾಹೇಬರ ಆಫೀಸಿನ ಬೋರ್ಡಿನ ಮೇಲೂ ಅದೇ ಇದೆ. ಮುಚ್ಚಳ ತೆಗೆದು ಅವರು ಕೇಳಲಿ, ಅಕ್ಕ ಎದುರಿಗೆ ನಿಂತು ಹೇಳಲಿ.

ಕೊನೆಗೆ ಉಳಿದದ್ದು ಕಾಗೆಯ ಕಾರ್ಡು. ಅದರ ಮುಂದೆ ಬ್ರಷ್ಷು ಒಂದು ಗಳಿಗೆ ನಿಂತಿತು. ಅದರಲ್ಲಿ ನನ್ನ ಗುರುತು ಬರೀ ಗುರುತಲ್ಲ, ಇನ್ನೊಂದು ಕಾಗೆ. ಯಾವುದೋ ಮಗು ಎಣಿಸಿದರೆ ಒಂಬತ್ತಾಗುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಗಲಿ, ಅವಳ ಮುಖ ಎಲ್ಲರೆದುರು ಕೆಂಪಾಗಲಿ ಅಂದುಕೊಂಡು ಬರೆದೆ. ಮಗುವಿನ ಮುಖದ ಬಗ್ಗೆ ಯೋಚನೆ ಮಾಡಲಿಲ್ಲ.

ಸಾಹೇಬರು ಬರುತ್ತಾರೆ ಅಂತ ಶಾಲೆಯವರು ಗೇಟಿನ ಮೇಲಿನ ಬೋರ್ಡನ್ನು ಹೊಸದಾಗಿ ಬರೆಸುತ್ತಿದ್ದರು. ಆ ಕೆಲಸ ನಮ್ಮ ಅಂಗಡಿಗೇ ಬಂದಿತ್ತು. ನಾನೇ ಹೋಗುತ್ತೇನೆ ಅಂದೆ. ಬೆಳಗ್ಗೆ ಏಣಿ ಹಾಕಿಕೊಂಡು ಅರ್ಧ ಬರೆದಿದ್ದೆ, ಕಾರು ಬಂತು. ಒಂದನೇ ತರಗತಿಯ ಕಿಟಕಿ ಗೇಟಿನ ಪಕ್ಕದಲ್ಲೇ. ಏಣಿಯ ಮೇಲಿನಿಂದ ಕರಿಹಲಗೆ, ಸಾಹೇಬರ ಬಕ್ಕತಲೆ, ಅಕ್ಕನ ಹೊಸ ಸೀರೆ, ಎಲ್ಲ ಕಾಣಿಸುತ್ತಿತ್ತು.

ಅಕ್ಕ ಕಾಗೆಯ ಕಾರ್ಡನ್ನೇ ತೆಗೆದಳು. ಟೈಲರನ ಮಗಳನ್ನೇ ಕರೆದಳು. ಯಾಕೆ ಕರೆಯುವುದಿಲ್ಲ, ತರಗತಿಗೆಲ್ಲ ಚುರುಕು ಅವಳು. ಅವಳು ಕುಣಿಯುತ್ತಾ ಬಂದು ಮೂರು ಕಾಗೆ ಎತ್ತಿ, ಮೂಲೆಯ ಕಡೆ ನೋಡದೆ, ಮೋಡದ ಹಿಂದೆ ಕೂರಿಸಿ ಮುಚ್ಚಿದಳು. ಎಷ್ಟು ಉಳಿದವು ಅಂತ ಅಕ್ಕ ಕೇಳಿದಳು. ಐದು. ಭೇಷ್ ಅಂದರು ಸಾಹೇಬರು. ಆಮೇಲೆ ಅವರೇ ಬಗ್ಗಿ, ಸರಿ, ಮೋಡ ತೆಗೆದು ಎಲ್ಲ ಸೇರಿಸಿ ಹೇಳು ನೋಡೋಣ ಅಂದರು.

ಹುಡುಗಿ ಮೋಡ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಬೆರಳಿಟ್ಟು ಎಣಿಸಿದಳು, ಮೊದಲು ಒಳಗಿನದು, ಆಮೇಲೆ ಹೊರಗಿನದು. ಇನ್ನೊಂದು ಸಲ ಎಣಿಸಿದಳು.

"ಒಂಬತ್ತು," ಅಂದಳು.

ಸಾಹೇಬರು ನಕ್ಕರು. ಅವರು ನಕ್ಕರು ಅಂತ ಹಿಂದೆ ಕೂತಿದ್ದ ಟೀಚರುಗಳು ನಕ್ಕರು. ಅವರು ನಕ್ಕರು ಅಂತ ಮಕ್ಕಳೂ ನಕ್ಕವು, ಯಾಕೆ ಅಂತ ಗೊತ್ತಿಲ್ಲದೆ. ಇಟ್ಟಿದ್ದು ಎಂಟು, ಮೋಡದಲ್ಲಿ ಮರಿ ಹಾಕಿತೇನಮ್ಮಾ ಅಂತ ಸಾಹೇಬರು ಅಂದಾಗ ನಗು ಇನ್ನೂ ಜೋರಾಯಿತು. ಹುಡುಗಿಯ ಬೆರಳು ಕಾರ್ಡಿನ ಮೇಲೇ ಇತ್ತು. "ಇಲ್ಲೇ ಇದೆ ಸಾರ್," ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಕೆಳತುಟಿ ಬಿದ್ದ ಹಲ್ಲಿನ ಜಾಗಕ್ಕೆ ಸೇರಿಕೊಂಡಿತು.

ಅಕ್ಕ ಮೂಲೆ ನೋಡಿದಳು. ಅವಳಿಗೆ ಗೊತ್ತಾಯಿತು. ಒಂದು ಮಾತು ಸಾಕಿತ್ತು. ಅವಳು ಬಾಗಿ, ಸರಿಯಾಗಿ ಎಣಿಸು ಪುಟ್ಟಾ, ಗಡಿಬಿಡಿ ಮಾಡಬೇಡ ಅಂದಳು.

ಆ ನಗು ನನಗೆ ಗೊತ್ತು. ಅದರೊಳಗೆ ನಾನು ಎರಡು ವರ್ಷ ಓದಿದ್ದೇನೆ. ಈ ಸಲ ಅದನ್ನು ನಾನೇ ಕೈಯಾರೆ ಬರೆದು ಕಳಿಸಿದ್ದೆ. ಏಣಿ ಇಳಿದದ್ದು ನೆನಪಿಲ್ಲ. ಬ್ರಷ್ಷು ಕೈಯಲ್ಲೇ ಇತ್ತು, ನೀಲಿ ಬಣ್ಣ ತರಗತಿಯ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

"ಅವಳು ಎಣಿಸಿದ್ದು ಸರಿ ಇದೆ," ಅಂದೆ. "ಅಲ್ಲಿ ಒಂಬತ್ತೇ ಇರೋದು. ಒಂಬತ್ತನೇದು ನನ್ನದು."

ಸಾಹೇಬರು ಕನ್ನಡಕ ಏರಿಸಿಕೊಂಡು ಕಾರ್ಡಿನ ಮೂಲೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಯಾರಮ್ಮ ಇವನು, ಏನು ಹೇಳ್ತಿದ್ದಾನೆ ಅಂದರು.

ಎದುರಿಗೆ ಕೇಳಿದ್ದರು. ಅವಳು ಕೊಟ್ಟ ಮಾತಿಗೆ ಸರಿಯಾಗಿ, ಎದುರಿಗೇ ಕೇಳಿದ್ದರು. ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಎಲ್ಲ ಇತ್ತು, ಲಂಗದ ತುದಿ ಕೂಡ ಇತ್ತು ಅಂತ ನನಗೆ ಅನ್ನಿಸಿತು. ಅನ್ನಿಸಿತು, ಅಷ್ಟೆ.

"ಗೇಟಿನ ಬೋರ್ಡು ಬರೆಯೋಕೆ ಬಂದವರು ಸರ್," ಅಂದಳು. "ಸವೆದಿದ್ದ ಕಡೆ ಬಣ್ಣ ಹಚ್ಚಿಕೊಡಿ ಅಂತ ಕೊಟ್ಟಿದ್ದೆ. ಅಭ್ಯಾಸಬಲಕ್ಕೆ ಗುರುತು ಹಾಕಿಬಿಟ್ಟಿದ್ದಾರೆ."

ಬಂದವರು. ಹಾಕಿಬಿಟ್ಟಿದ್ದಾರೆ. ಹುಟ್ಟಿದಾಗಿನಿಂದ ಲೋ ಅನ್ನದೆ ನನ್ನನ್ನು ಕರೆದವಳಲ್ಲ. ಮೊದಲ ಸಲ ಮರ್ಯಾದೆ ಕೊಟ್ಟಳು.

ಸಾಹೇಬರಿಗೆ ಸಮಾಧಾನವಾಯಿತು. ಹಾಗಾದರೆ ಹುಡುಗಿಯ ತಪ್ಪಿಲ್ಲ ಬಿಡಿ ಅಂತ ಅವಳ ತಲೆ ಸವರಿದರು. ಅಷ್ಟಾದರೂ ಆಯಿತು. ನಾನು ಅಲ್ಲೇ ಕೂಗಬಹುದಿತ್ತು, ಸುತ್ತೋಲೆಯನ್ನು ಬಾಯಿಪಾಠ ಒಪ್ಪಿಸಬಹುದಿತ್ತು. ಮಕ್ಕಳು ನನ್ನನ್ನು ನೋಡುತ್ತಿದ್ದವು. ಟೈಲರನ ಮಗಳು ನನ್ನ ಬ್ರಷ್ಷನ್ನು, ಆಮೇಲೆ ಅಕ್ಕನನ್ನು, ಆಮೇಲೆ ನನ್ನನ್ನು ನೋಡಿದಳು. ಆ ಕಾರ್ಡನ್ನು ಮೊಟ್ಟಮೊದಲು ಯಾರ ಅಂಗಡಿಯ ಬಾಗಿಲಲ್ಲಿ ಆಡಿದ್ದು ಅಂತ ಅವಳಿಗೆ ಗೊತ್ತು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೊರಗೆ ಬಂದೆ. ಅವಳನ್ನು ಇನ್ನೊಂದು ಸಲ ನಿಲ್ಲಿಸಿ ಸಾಕ್ಷಿ ಹೇಳಿಸುವಷ್ಟು ಕೆಟ್ಟವನಲ್ಲ ನಾನು.

ಎರಡು ತಿಂಗಳಿಗೆ ಅಕ್ಕನಿಗೆ ಖಾಯಂ ಆದೇಶ ಬಂತು. ಅಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಅಕ್ಕನ ಮನೆಯ ಮೆಟ್ಟಿಲು ತುಳಿದಿಲ್ಲ. ನೀನೇ ಮುಂದಾಗಿ ಮಾತಾಡು, ಚಿಕ್ಕವನು ನೀನು ಅನ್ನುತ್ತಾರೆ. ಕಾರ್ಡು ಮಾಡುವಾಗ ನಾನು ಚಿಕ್ಕವನಾಗಿರಲಿಲ್ಲವೇ?

ಅವತ್ತು ಗೇಟಿನ ಬೋರ್ಡನ್ನು ಮುಗಿಸದೆ ಬರಲಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು ನನಗೆ ಗೊತ್ತಿಲ್ಲ. ಶಾಲೆಯ ಹೆಸರು ಬರೆದೆ, ನೆರಳು ಕೊಟ್ಟೆ. ಬಲಗಡೆ ಕೆಳಮೂಲೆಯಲ್ಲಿ ಕಾಗೆ ಹಾಕಿದೆ. ಉಗುರಿನಷ್ಟು ಅಲ್ಲ, ಅಂಗೈಯಷ್ಟು, ಕೊಕ್ಕು ತೆರೆದು. ಹೆಡ್‌ಮಾಸ್ತರು ಬಂದು, ಇದೇನಯ್ಯ ಇಷ್ಟು ದೊಡ್ಡದು ಅಂದರು. ದೂರಕ್ಕೆ ಕಾಣಲಿ ಅಂತ ಅಂದೆ.

ಅದರ ಮೇಲೆ ಯಾವ ಮೋಡವೂ ಇಲ್ಲ. ಬೆಳಗ್ಗೆ ಒಂಬತ್ತೂವರೆಗೆ ಅವಳು ಅದರ ಕೆಳಗೇ ಒಳಗೆ ಹೋಗಬೇಕು. ಸಂಜೆ ಅದರ ಕೆಳಗೇ ಹೊರಗೆ ಬರಬೇಕು. ಖಾಯಂ ಆಗಿ.